ಮುಂಬೈಯೋ, ಸಿಂಗಪುರವೋ, ಲಕ್ಷದ್ವೀಪವೋ: ಹಡಗಿನ ಪ್ರವಾಸಕ್ಕೆ ಹೊರಟ ಕಲಬುರಗಿ ಕಡೆಯವರ ಆಯ್ಕೆ

ದಸರಾ, ದೀಪಾವಳಿ ಹತ್ತಿರ ಬಂದಂತೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ನಮ್ಮ ಪ್ರವಾಸ ಕಚೇರಿಗೆ ತಿರುಪತಿ, ಶಿರಡಿ, ಗೋವಾ ಕೇಳಿಕೊಂಡು ಬರುವವರ ನಡುವೆ ಈಗೀಗ ಹಡಗಿನ ಪ್ರವಾಸ ಕೇಳುವವರೂ ಕಾಣಿಸಿಕೊಳ್ಳುತ್ತಿದ್ದಾರೆ. ಅವರ ಗೊಂದಲ ಹೆಚ್ಚುಕಡಿಮೆ ಒಂದೇ ಬಗೆಯದು. ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಹಡಗನ್ನು ಹತ್ತುವುದೋ, ಇನ್ನಷ್ಟು ಹಣ ಕೂಡಿಸಿ ಸಿಂಗಪುರಕ್ಕೆ ಹಾರಿ ಅಲ್ಲಿನ ಭಾರಿ ಹಡಗನ್ನು ಹತ್ತುವುದೋ, ಇಲ್ಲವೇ ಕೊಚ್ಚಿಯಿಂದ ಲಕ್ಷದ್ವೀಪ ಆಡಳಿತದ ಎಂ.ವಿ. ಕವರತ್ತಿ ಎಂಬ ಹಡಗಿನಲ್ಲಿ ದ್ವೀಪಗಳನ್ನು ನೋಡಿ ಬರುವುದೋ ಎಂದು ಮನೆಯಲ್ಲಿ ವಾದ ನಡೆದಿರುತ್ತದೆ. ಹೆಚ್ಚಿನವರು ಹಡಗಿನ ಗಾತ್ರವನ್ನೂ ಅದು ಮುಟ್ಟುವ ಬಂದರುಗಳ ಸಂಖ್ಯೆಯನ್ನೂ ನೋಡಿ ತೀರ್ಮಾನಕ್ಕೆ ಬರಲು ಹೊರಟಿರುತ್ತಾರೆ. ಹೋಗಿ ಬಂದವರ ಮಾತುಗಳನ್ನು ಕೇಳಿದರೆ ಈ ಎರಡೂ ಅಷ್ಟೇನೂ ಮುಖ್ಯವಲ್ಲವೆಂದು ತಿಳಿಯುತ್ತದೆ. ಹತ್ತುವವರು ಯಾರು ಮತ್ತು ಹಡಗಿನ ಮೇಲಿನ ಹಗಲನ್ನು ಅವರು ಹೇಗೆ ಕಳೆಯುತ್ತಾರೆ ಎಂಬುದೇ ಪ್ರವಾಸದ ಸುಖದುಃಖವನ್ನು ನಿರ್ಧರಿಸುತ್ತದೆ.

ಹಿಂದಿರುಗಿದವರು ಮೆಚ್ಚಿ ಹೇಳುವ ಸಂಗತಿಗಳು ಯಾವ ಹಡಗಿಗಾದರೂ ಹೊಂದುವಂಥವು. ಒಮ್ಮೆ ಕೋಣೆಯಲ್ಲಿ ಬಟ್ಟೆಬರೆ ಇಟ್ಟರಾಯಿತು, ಊರೂರಿಗೆ ಗಂಟುಮೂಟೆ ಕಟ್ಟಿ ಬಿಚ್ಚುವ ಗೋಜಿಲ್ಲ. ಮನೆಯ ಹೆಂಗಸರು ಮೂರು ಹೊತ್ತೂ ನೆಮ್ಮದಿಯಿಂದ ಕುಳಿತು ಉಣ್ಣುತ್ತಾರೆ. ಮಕ್ಕಳೊಂದು ಕಡೆ, ಹಿರಿಯರೊಂದು ಕಡೆ ಇದ್ದರೂ ಕಳೆದುಹೋಗುವ ಭಯವಿಲ್ಲ, ಊಟದ ಹೊತ್ತಿಗೆ ಎಲ್ಲರೂ ಕೂಡುತ್ತಾರೆ. ಸಂಜೆಯ ರಂಗಮಂದಿರದ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಬೇರೆ ಟಿಕೆಟ್ ಇರುವುದಿಲ್ಲ. ಭೀಮಾ ನದಿಯನ್ನೋ ಕಾರಂಜಾ ಜಲಾಶಯವನ್ನೋ ದೊಡ್ಡ ನೀರೆಂದು ನೋಡಿ ಬೆಳೆದ ನಮ್ಮವರಿಗೆ ನಾಲ್ಕೂ ದಿಕ್ಕಿಗೆ ದಡವಿಲ್ಲದ ನೀರನ್ನು ನೋಡುತ್ತ ಕೂರುವುದೇ ದೊಡ್ಡ ಸಂಭ್ರಮ.

ದೂರುಗಳೂ ಹೀಗೆಯೇ ಮತ್ತೆ ಮತ್ತೆ ಬರುವಂಥವು. ಹತ್ತುವ ದಿನ ಬಂದರಿನಲ್ಲಿ ತಾಸುಗಟ್ಟಲೆ ಪಾಳಿ, ಬೆಳಗಿನ ಉಪಾಹಾರಕ್ಕೆ ನೂಕುನುಗ್ಗಲು, ಚಿತ್ರದಲ್ಲಿ ಕಂಡದ್ದಕ್ಕಿಂತ ಚಿಕ್ಕದಾದ ಮತ್ತು ಸದಾ ತುಂಬಿರುವ ಈಜುಕೊಳ, ನಡುರಾತ್ರಿಯವರೆಗೂ ನಿಲ್ಲದ ಡಿಜೆ ಸದ್ದು, ದುಬಾರಿಯಾದರೂ ನಿಧಾನವಾದ ಇಂಟರ್ನೆಟ್, ಎರಡನೆಯ ದಿನಕ್ಕೇ ಬೇಸರ ಹುಟ್ಟಿಸುವ ಒಂದೇ ಬಗೆಯ ಊಟ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಕೊನೆಯ ಬೆಳಗ್ಗೆ ಕೈಗೆ ಬರುವ ಬಿಲ್ಲು. ಇವುಗಳಲ್ಲಿ ಕೆಲವನ್ನು ಹಡಗಿನವರೇ ತಿದ್ದಿಕೊಳ್ಳಬೇಕು. ಉಳಿದವನ್ನು ಸರಿಯಾದ ಹಡಗು, ಸರಿಯಾದ ತಿಂಗಳು, ಸರಿಯಾದ ಕೋಣೆ ಆರಿಸುವುದರಿಂದ ನಾವೇ ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದು.

ಆದ್ದರಿಂದ ದರಪಟ್ಟಿ ಬಿಡಿಸುವ ಮೊದಲು ಐದು ವಿಷಯಗಳನ್ನು ಮನೆಯಲ್ಲಿ ಕುಳಿತು ಇತ್ಯರ್ಥ ಮಾಡಿಕೊಳ್ಳಬೇಕು. ಮೊದಲನೆಯದು, ಜೊತೆಗೆ ಬರುವ ಹಿರಿಯರ ಮೊಣಕಾಲು ಮತ್ತು ಮಕ್ಕಳ ವಯಸ್ಸು. ಆರು ತಿಂಗಳೊಳಗಿನ ಕೂಸನ್ನೂ 24 ವಾರ ಮುಟ್ಟಿದ ಗರ್ಭಿಣಿಯನ್ನೂ ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ ಎಂಬುದನ್ನು ಇಲ್ಲಿಯೇ ನೆನಪಿಡಬೇಕು. ಎರಡನೆಯದು ಊಟ: ಶಾಕಾಹಾರ ಸಿಕ್ಕರೆ ಸಾಕೇ, ಅದರ ಪಾತ್ರೆ ಮತ್ತು ಸೌಟು ಕೂಡ ಬೇರೆಯೇ ಇರಬೇಕೇ, ಅಥವಾ ಹಲಾಲ್ ಅಡುಗೆ ಬೇಕೇ? ಮೂರನೆಯದು ರಜೆ ಯಾವ ತಿಂಗಳಲ್ಲಿ ಸಿಗುತ್ತದೆ ಎಂಬುದು. ನಾಲ್ಕನೆಯದು ಟಿಕೆಟ್ಟಿನ ದರವಲ್ಲ, ಮನೆಯ ಬಾಗಿಲಿನಿಂದ ಮನೆಯ ಬಾಗಿಲಿನವರೆಗಿನ ಒಟ್ಟು ಖರ್ಚು. ಐದನೆಯದು ಪಾಸ್‌ಪೋರ್ಟ್, ವೀಸಾ, ಪರವಾನಗಿಗಳು.

ತಿಂಗಳಿನ ವಿಷಯವನ್ನು ನಮ್ಮ ಕಡೆಯವರು ತೀರ ಹಗುರವಾಗಿ ಕಾಣುತ್ತಾರೆ. ಅರಬ್ಬಿ ಸಮುದ್ರ ಅತ್ಯಂತ ಶಾಂತವಾಗಿರುವುದು ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ. ನಮ್ಮ ಮಕ್ಕಳಿಗೆ ದೊಡ್ಡ ರಜೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಕಲಬುರಗಿಯ ಮೇ ಬಿಸಿಲಿನಿಂದ ಪಾರಾಗಲು ಹಡಗು ಹತ್ತುವ ಯೋಚನೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಆ ತಿಂಗಳಲ್ಲಿ ಮಧ್ಯಾಹ್ನದ ಹೊತ್ತು ಮೇಲಟ್ಟದಲ್ಲಿ ಕಾಲಿಡಲಾಗುವುದಿಲ್ಲ, ಮೇಲಾಗಿ ಅರಬ್ಬಿ ಸಮುದ್ರದ ಚಂಡಮಾರುತಗಳ ಕಾಲವೂ ಅದೇ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಹಲವರಿಗೆ ನೆನಪಿರಬಹುದು. ಅಕ್ಟೋಬರ್, ನವೆಂಬರ್‌ಗಳಲ್ಲಿಯೂ ಅಂಥ ಗಾಳಿ ಏಳುವುದುಂಟು. ಹೀಗಾಗಿ ದೀಪಾವಳಿ ದಾಟಿದ ಮೇಲೆ ಶಾಲೆಗೆ ನಾಲ್ಕು ದಿನ ರಜೆ ಹಾಕಿಸಿದರೂ ಚಿಂತೆಯಿಲ್ಲ, ಡಿಸೆಂಬರ್ ಮೊದಲ ವಾರಗಳಲ್ಲಿ ಹೋಗಿ ಬನ್ನಿ ಎಂಬುದು ನನ್ನ ಸಲಹೆ. ಕ್ರಿಸ್‌ಮಸ್ ವಾರಕ್ಕೆ ಬಂದರೆ ದರ ಏರುತ್ತದೆ, ಜನವೂ ಕಿಕ್ಕಿರಿಯುತ್ತದೆ.

ಈಗ ಮುಂಬೈ. ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಿಂದ ನೀರಿಗಿಳಿದು, ಬಹುಕಾಲ ರಾಯಲ್ ಕೆರಿಬಿಯನ್ ಕಂಪನಿಯಲ್ಲಿ ಓಡಿ, 2021ರ ಸೆಪ್ಟೆಂಬರ್‌ನಿಂದ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆಗೆ ಪ್ರವಾಸ ನಡೆಸುತ್ತಿದೆ. ಸುಮಾರು 48,500 ಟನ್ ಗಾತ್ರದ, 211 ಮೀಟರ್ ಉದ್ದದ ಈ ಹಡಗು ಇಂದಿನ ಅಳತೆಯಲ್ಲಿ ಚಿಕ್ಕದು ಮತ್ತು ಹಳೆಯದು. ಇದನ್ನು ತಿಳಿದೇ ಹತ್ತಿದವರಿಗೆ ಬೇಸರವಾಗುವುದಿಲ್ಲ. ವಿದೇಶದ ಹೊಸ ಹಡಗುಗಳ ವಿಡಿಯೋ ನೋಡಿ ಅದೇ ನಿರೀಕ್ಷೆಯಿಂದ ಹತ್ತಿದವರು ಕೋಣೆ ಇಕ್ಕಟ್ಟು, ಬಾಲ್ಕನಿ ಇಲ್ಲ ಎಂದು ಗೊಣಗುತ್ತಾರೆ. ಬಾಲ್ಕನಿಯುಳ್ಳ ಕೋಣೆಗಳು ಈ ಹಡಗಿನಲ್ಲಿ ಕಡಿಮೆ, ಅವುಗಳ ದರವೂ ಹೆಚ್ಚು.

ಇದರ ದೊಡ್ಡ ಅನುಕೂಲ ನಮ್ಮವರಿಗೆ ದಾರಿಯದು. ಬಲ್ಲಾರ್ಡ್ ಪಿಯರ್‌ನ ಹಡಗು ನಿಲ್ದಾಣ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷಗಳ ದಾರಿ, ಮತ್ತು ಕಲಬುರಗಿ, ವಾಡಿ, ಯಾದಗಿರಿಯಿಂದ ಸಿಎಸ್‌ಎಂಟಿಗೆ ನೇರ ರೈಲುಗಳಿವೆ. ಒಂದು ಎಚ್ಚರಿಕೆ ಬೇಕು. ಉದ್ಯಾನ್ ಎಕ್ಸ್‌ಪ್ರೆಸ್ ಹಗಲಿನಲ್ಲಿ ಓಡಿ ಸಂಜೆ ಕಳೆದ ಮೇಲೆ ಮುಂಬೈ ಮುಟ್ಟುವುದರಿಂದ ಅದರಲ್ಲಿ ಹೋಗುವವರು ಹಿಂದಿನ ದಿನವೇ ಹೊರಡಬೇಕು. ರಾತ್ರಿಯ ರೈಲಿನಲ್ಲಿ ಹೋಗಿ ಬೆಳಗ್ಗೆ ಇಳಿದು ಅದೇ ದಿನ ಹಡಗು ಹತ್ತುತ್ತೇವೆ ಎನ್ನುವವರನ್ನು ನಾನು ಸಾಮಾನ್ಯವಾಗಿ ತಡೆಯುತ್ತೇನೆ. ರೈಲು ತಡವಾದರೆ ಹಡಗು ಕಾಯುವುದಿಲ್ಲ, ಕಟ್ಟಿದ ಹಣವೂ ಮರಳುವುದಿಲ್ಲ. ಮುಂಬೈಯಲ್ಲಿ ಒಂದು ರಾತ್ರಿಯ ವಸತಿಯ ಖರ್ಚನ್ನು ಪ್ರವಾಸದ ಖರ್ಚಿನಲ್ಲಿಯೇ ಸೇರಿಸಿಕೊಳ್ಳಬೇಕು.

ಊಟದ ವಿಷಯದಲ್ಲಿ ಈ ಹಡಗು ನಮ್ಮವರಿಗೆ ಹತ್ತಿರ. ಹತ್ತುವವರಲ್ಲಿ ಬಹುಪಾಲು ಭಾರತೀಯರೇ ಆದುದರಿಂದ ಶಾಕಾಹಾರಕ್ಕೆ ಕೊರತೆಯಿಲ್ಲ. ಮೊದಲೇ ತಿಳಿಸಿದರೆ ಜೈನ ಪದ್ಧತಿಯ ಅಡುಗೆಯೂ ದೊರೆಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿಡದವರೂ ಪಾತ್ರೆಯ ಶುದ್ಧಿಯ ಕಾರಣಕ್ಕೆ ಜೈನ ಊಟವನ್ನೇ ಕೇಳಿ ಪಡೆಯುವುದುಂಟು. ಆದರೆ ಬಡಿಸುವುದು ಹೆಚ್ಚಾಗಿ ಉತ್ತರ ಭಾರತದ ಪನ್ನೀರು, ದಾಲು, ಪುಲಾವು. ಜೋಳದ ರೊಟ್ಟಿ, ಪುಂಡಿಪಲ್ಯ ಅಲ್ಲಿ ನಿರೀಕ್ಷಿಸುವಂತಿಲ್ಲ. ಮನೆಯ ಬುತ್ತಿಯನ್ನು ಒಳಗೆ ಬಿಡುವ ನಿಯಮ ಹಡಗಿನಿಂದ ಹಡಗಿಗೆ ಬೇರೆ, ಆದ್ದರಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟುವ ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ವಿದ್ಯುತ್ ಒಲೆ, ಇಸ್ತ್ರಿಪೆಟ್ಟಿಗೆಗಳನ್ನಂತೂ ಬೆಂಕಿಯ ಭಯದಿಂದ ಯಾವ ಹಡಗಿನಲ್ಲಿಯೂ ಬಿಡುವುದಿಲ್ಲ.

ಅವಧಿಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾದುದು: ಎರಡು ರಾತ್ರಿಯ ಪ್ರವಾಸ ನಮ್ಮ ಕಡೆಯವರಿಗೆ ನಷ್ಟದ ಬಾಬತ್ತು. ಮೊದಲ ದಿನ ಪಾಳಿಯಲ್ಲಿಯೂ ಸುರಕ್ಷತಾ ತಾಲೀಮಿನಲ್ಲಿಯೂ ಕಳೆಯುತ್ತದೆ. ಕೊನೆಯ ಬೆಳಗ್ಗೆ ಉಪಾಹಾರ ಮುಗಿಸುವಷ್ಟರಲ್ಲಿ ಕೋಣೆ ಬಿಡಬೇಕು. ಕೈಗೆ ಸಿಗುವುದು ನಡುವಿನ ಒಂದೇ ದಿನ. ಅಷ್ಟಕ್ಕಾಗಿ ಸುಮಾರು 570 ಕಿಲೋಮೀಟರ್ ರೈಲಿನಲ್ಲಿ ಹೋಗಿ ಬರುವುದಕ್ಕಿಂತ, ಸ್ವಲ್ಪ ಹೆಚ್ಚು ಕಟ್ಟಿ ಮೂರು ರಾತ್ರಿಯದನ್ನೇ ಆರಿಸಬೇಕು. ವಾರಾಂತ್ಯದ ಹಡಗಿನಲ್ಲಿ ಗೆಳೆಯರ ಗುಂಪುಗಳು, ಕುಡಿತ, ಗದ್ದಲ ಹೆಚ್ಚು. ಹಿರಿಯರೊಂದಿಗೆ ಹೋಗುವವರಿಗೆ ವಾರದ ನಡುವೆ ಹೊರಡುವ ಪ್ರವಾಸ ಹಿತಕರ, ದರವೂ ಇಳಿದಿರುತ್ತದೆ. ಮಳೆಗಾಲದಲ್ಲಿ ಈ ಹಡಗನ್ನು ಪೂರ್ವ ಕರಾವಳಿಗೆ ಒಯ್ಯುವುದುಂಟು. 2023ರ ಜೂನ್‌ನಲ್ಲಿ ಚೆನ್ನೈಯಿಂದ ಶ್ರೀಲಂಕೆಗೆ ಪ್ರವಾಸ ಆರಂಭವಾಯಿತು. ಶ್ರೀಲಂಕೆಗಾದರೆ ಪಾಸ್‌ಪೋರ್ಟ್ ಬೇಕೇ ಬೇಕು, ಗೋವಾಕ್ಕೆ ಆಧಾರ್‌ನಂಥ ಗುರುತಿನ ಚೀಟಿ ಸಾಕು.

ಸಿಂಗಪುರದ ಲೆಕ್ಕ ಪೂರ್ತಿ ಬೇರೆ. ಅಲ್ಲಿನ ಮರೀನಾ ಬೇ ನಿಲ್ದಾಣದಿಂದ ಗೆಂಟಿಂಗ್ ಡ್ರೀಮ್ ಎಂಬ ಹಡಗು ಹೊರಡುತ್ತದೆ. 2016ರಲ್ಲಿ ಕಟ್ಟಿದ ಈ ಹಡಗಿನ ಗಾತ್ರ ಒಂದೂವರೆ ಲಕ್ಷ ಟನ್, ಎಂಪ್ರೆಸ್‌ನ ಮೂರು ಪಟ್ಟು. ರಾಯಲ್ ಕೆರಿಬಿಯನ್‌ನ ಕ್ವಾಂಟಮ್ ವರ್ಗದ ಹಡಗುಗಳೂ ಋತುವಿಗೆ ತಕ್ಕಂತೆ ಅಲ್ಲಿಂದ ಹೊರಟಿವೆ. ಇವು ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊತ್ತೊಯ್ಯುವಂಥವು. ಸಮುದ್ರಮಟ್ಟದಿಂದ 300 ಅಡಿ ಎತ್ತರಕ್ಕೆ ಎತ್ತಿ ಸುತ್ತ ತೋರಿಸುವ ಗಾಜಿನ ಗೂಡು, ಗಾಳಿಯ ಬಲದಿಂದ ಮೇಲೆ ತೇಲಿಸುವ ಕೊಳವೆ, ಡಿಕ್ಕಿ ಹೊಡೆಯುವ ಆಟದ ಕಾರುಗಳು, ಇವೆಲ್ಲ ಎಂಟರಿಂದ ಹದಿನಾರು ವರ್ಷದ ಮಕ್ಕಳಿಗೆ ಸ್ವರ್ಗ. ಅಂಥ ಮಕ್ಕಳಿಲ್ಲದ ಮನೆಯವರು ಈ ಹಡಗಿಗೆ ಕೊಡುವ ಹಣದ ದೊಡ್ಡ ಪಾಲು ತಾವು ಬಳಸದ ಆಟಗಳಿಗೇ ಹೋಗುತ್ತದೆ. ಇನ್ನೊಂದು ಮಾತು: ದೊಡ್ಡ ಹಡಗಿನಲ್ಲಿ ಕೋಣೆಯಿಂದ ಊಟದ ಮನೆಗೆ ನಡೆಯುವ ದೂರವೂ ದೊಡ್ಡದೇ. ಕಾರ್ಯಕ್ರಮ ಬಿಟ್ಟಾಗ ಲಿಫ್ಟಿನ ಮುಂದೆ ಸೇರುವ ಜನವನ್ನು ಕಂಡು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟ ಹಿರಿಯರ ಕಥೆಗಳನ್ನು ನಾನು ಕೇಳಿದ್ದೇನೆ.

ಊಟದಲ್ಲಿ ಗೆಂಟಿಂಗ್ ಡ್ರೀಮ್ ನಮ್ಮ ಜಿಲ್ಲೆಗಳ ಎರಡೂ ಬಗೆಯ ಮನೆಗಳಿಗೆ ಒಗ್ಗುತ್ತದೆ. ಹಲಾಲ್ ಪ್ರಮಾಣಪತ್ರವುಳ್ಳ ಅಡುಗೆ ಅಲ್ಲಿದೆ, ಶಾಕಾಹಾರ ಮತ್ತು ಜೈನ ಆಹಾರವೂ ಇದೆ. ರಾಯಲ್ ಕೆರಿಬಿಯನ್‌ನಲ್ಲಿ ಶಾಕಾಹಾರ ಸಿಗುತ್ತದೆಯಾದರೂ ಬಫೆಯಲ್ಲಿ ಮಾಂಸದ ಪಕ್ಕದಲ್ಲಿಯೇ ಇರುತ್ತದೆ. ಇದನ್ನು ಸಹಿಸದವರು ಮುಖ್ಯ ಭೋಜನಶಾಲೆಯಲ್ಲಿ ಕುಳಿತು, ಹಿಂದಿನ ರಾತ್ರಿಯೇ ಬಡಿಸುವವರಿಗೆ ಹೇಳಿ ತರಿಸಿಕೊಳ್ಳುವುದು ಮೇಲು.

ಖರ್ಚಿನ ವಿಷಯದಲ್ಲಿ ಸಿಂಗಪುರದ ಹಡಗು ಹಲವರನ್ನು ಬೇಸ್ತು ಬೀಳಿಸುತ್ತದೆ. ಜಾಹೀರಾತಿನ ದರ ಮುಂಬೈ ಹಡಗಿನ ದರಕ್ಕೆ ಹತ್ತಿರವೇ ಕಾಣಬಹುದು. ಅದಕ್ಕೆ ವಿಮಾನ, ವೀಸಾ, ಹಿಂದೆ ಮುಂದೆ ಸಿಂಗಪುರದ ದುಬಾರಿ ಹೋಟೆಲು, ಬಂದರು ತೆರಿಗೆ ಸೇರಬೇಕು, ಮೇಲೆ ಸಿಬ್ಬಂದಿಯ ಭಕ್ಷೀಸು ಬೇರೆ. ಭಕ್ಷೀಸು ಎಂದರೆ ಇಲ್ಲಿ ಮನಸ್ಸಿಗೆ ಬಂದಷ್ಟು ಕೊಡುವುದಲ್ಲ. ರಾಯಲ್ ಕೆರಿಬಿಯನ್‌ನಂಥ ಕಂಪನಿ ಸಾಮಾನ್ಯ ಕೋಣೆಗೆ ತಲೆಗೆ, ದಿನಕ್ಕೆ ಸುಮಾರು 18 ಡಾಲರ್‌ನಂತೆ ಲೆಕ್ಕಕ್ಕೆ ಬರೆಯುತ್ತದೆ, ಮಕ್ಕಳನ್ನೂ ಸೇರಿಸಿ. ನಾಲ್ಕು ಮಂದಿ, ನಾಲ್ಕು ರಾತ್ರಿ ಎಂದರೆ 288 ಡಾಲರ್. ನಮ್ಮ ಹಣದಲ್ಲಿ ಹತ್ತಿರಹತ್ತಿರ ಇಪ್ಪತ್ತೈದು ಸಾವಿರ ರೂಪಾಯಿ. ಕೋಣೆಯ ಬಾಗಿಲು ತೆರೆಯುವ ಕಾರ್ಡೇ ಹಡಗಿನಲ್ಲಿ ಹಣದ ಚೀಲ. ಮಕ್ಕಳು ಅದನ್ನು ತೋರಿಸಿ ಐಸ್‌ಕ್ರೀಮು, ವಿಡಿಯೋ ಗೇಮು ಎಂದು ಓಡಾಡಿದರೆ ಕೊನೆಯ ದಿನದವರೆಗೆ ತಂದೆಗೆ ಗೊತ್ತೇ ಆಗುವುದಿಲ್ಲ. ಹತ್ತಿದ ಕೂಡಲೇ ಸ್ವಾಗತ ಕಟ್ಟೆಗೆ ಹೋಗಿ ಮಕ್ಕಳ ಕಾರ್ಡಿನ ಖರ್ಚನ್ನು ತಡೆಹಿಡಿಸಬಹುದು. ಫೋನಿನದೂ ಇದೇ ಪಾಡು. ದಡ ಬಿಟ್ಟ ಮೇಲೆ ಫೋನು ಉಪಗ್ರಹದ ಮೂಲಕ ನಡೆಯುವ ಹಡಗಿನ ಜಾಲವನ್ನು ತಾನಾಗಿಯೇ ಹಿಡಿದರೆ ರೋಮಿಂಗ್ ಬಿಲ್ಲು ಸಾವಿರಗಳಲ್ಲಿ ಬರುತ್ತದೆ; ಏರ್‌ಪ್ಲೇನ್ ಮೋಡಿನಲ್ಲಿಡುವುದನ್ನು ಮರೆಯಬಾರದು. ಈ ಮಾತು ಮುಂಬೈ ಹಡಗಿಗೂ ಅನ್ವಯಿಸುತ್ತದೆ.

ಆದರೂ ಬೀದರ್‌ನವರಿಗೆ ಸಿಂಗಪುರ ಅವರು ಎಣಿಸಿದಷ್ಟು ದೂರವಲ್ಲ. ಹೈದರಾಬಾದಿನಿಂದ ನೇರ ವಿಮಾನವಿದೆ, ಸುಮಾರು ನಾಲ್ಕೂವರೆ ತಾಸಿನ ಹಾರಾಟ. ರೈಲಿನಲ್ಲಿ ಮುಂಬೈಗೆ ಹೋಗುವ ಹೊತ್ತಿಗಿಂತ ಇದು ಕಡಿಮೆಯೇ ಆಗಬಹುದು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು, ಮತ್ತು ಹಡಗು ಮಲೇಷ್ಯಾಕ್ಕೋ ಥಾಯ್ಲೆಂಡಿಗೋ ಹೋಗಿ ಮರಳುವುದರಿಂದ ಸಿಂಗಪುರಕ್ಕೆ ಎರಡನೆಯ ಸಲ ಒಳಬರಲು ವೀಸಾ ಅವಕಾಶ ಕೊಡುವಂತಿರಬೇಕು. ಇಷ್ಟೆಲ್ಲ ಮಾಡಿ ಮೂರು ರಾತ್ರಿಗೆ ಹೋಗುವುದು ತರವಲ್ಲ. ನಾಲ್ಕು ರಾತ್ರಿಗಿಂತ ಕಡಿಮೆಯಾದರೆ ನಾನು ಬೇಡವೆನ್ನುತ್ತೇನೆ.

ಎಂ.ವಿ. ಕವರತ್ತಿಯನ್ನು ಮೇಲಿನ ಎರಡರ ಜೊತೆ ತೂಗುವುದು ಸರಿಯಲ್ಲವಾದರೂ ಜನ ತೂಗುತ್ತಾರೆ, ಕಾರಣ ಅದರ ದರ. ದ್ವೀಪವಾಸಿಗಳನ್ನೂ ಪ್ರವಾಸಿಗಳನ್ನೂ ಕೂಡಿಯೇ ಒಯ್ಯುವ ಪ್ರಯಾಣಿಕ ಹಡಗು ಅದು. ಸಮುದ್ರಂ ಎಂಬ ಐದು ದಿನದ ಪ್ರವಾಸದಲ್ಲಿ ರಾತ್ರಿ ಹಡಗಿನಲ್ಲಿ ಮಲಗಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಕಳೆಯುವ ಏರ್ಪಾಡಿದೆ. ಇಬ್ಬರ ಕೋಣೆಯ ಡೈಮಂಡ್ ವರ್ಗ, ನಾಲ್ವರ ಕೋಣೆಯ ಗೋಲ್ಡ್ ವರ್ಗ ಎಂದು ಎರಡು ದರ್ಜೆ. ಕ್ಯಾಸಿನೊ ಇಲ್ಲ, ಡಿಜೆ ಇಲ್ಲ, ಬಂಗಾರಂ ದ್ವೀಪ ಬಿಟ್ಟರೆ ಲಕ್ಷದ್ವೀಪದಲ್ಲಿ ಮದ್ಯಕ್ಕೆ ಅವಕಾಶವೂ ಇಲ್ಲ. ಇದನ್ನೇ ದೊಡ್ಡ ಗುಣವೆಂದು ಎಣಿಸುವ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಹವಳದ ದಿಬ್ಬಗಳ ಒಳಗಿನ ತಿಳಿನೀರಿನಲ್ಲಿ ಮೀನು ನೋಡುವ ಸುಖವನ್ನು ಮುಂಬೈ–ಗೋವಾ ಪ್ರವಾಸ ಕೊಡಲಾರದು.

ತೊಡಕಿರುವುದು ಇಳಿಯುವಲ್ಲಿ. ದಿಬ್ಬಗಳ ಒಳಗಿನ ಈ ಲಗೂನಿನ ನೀರು ಆಳವಿಲ್ಲದ್ದರಿಂದ ಹಡಗು ಹೊರಗೇ ನಿಲ್ಲುತ್ತದೆ, ಪ್ರಯಾಣಿಕರು ಚಿಕ್ಕ ದೋಣಿಗೆ ಇಳಿಯಬೇಕು. ಅಲೆ ಬಂದಾಗ ದೋಣಿ ಹಡಗಿನ ಬಾಗಿಲಿನ ಮಟ್ಟಕ್ಕೆ ಏರುತ್ತದೆ, ಮರುಕ್ಷಣ ಮೊಣಕಾಲೆತ್ತರ ಕೆಳಗೆ ಇಳಿಯುತ್ತದೆ. ಆ ಏರಿದ ಗಳಿಗೆಯಲ್ಲಿಯೇ ಕಾಲಿಡಬೇಕು, ಎರಡೂ ಕಡೆ ನಿಂತ ಖಲಾಸಿಗಳು ತೋಳು ಹಿಡಿದು ದಾಟಿಸುತ್ತಾರೆ. ಇಪ್ಪತ್ತೈದರವರಿಗೆ ಇದು ಮೋಜು, ಮಂಡಿ ನೋವಿನವರಿಗೆ ಮತ್ತು ಸೀರೆಯ ನೆರಿಗೆ ಹಿಡಿದು ನಿಂತ ಅಜ್ಜಿಗೆ ಭಯದ ಸಂಗತಿ, ಅದೂ ದಿನಕ್ಕೆರಡು ಸಲ. ಗಾಳಿ ಜೋರಾದರೆ ಇಳಿಸದೆಯೇ ಮುಂದೆ ಸಾಗಲೂಬಹುದು. ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗಿಗೂ ಇದೇ ಮಾತು. ಹಡಗಿನ ಷರತ್ತುಗಳಲ್ಲಿ ಬಂದರನ್ನು ಬಿಡುವ ಅಧಿಕಾರ ಕಪ್ತಾನನಿಗೆ ಸದಾ ಇರುತ್ತದೆ. ಪ್ರವೇಶ ಪರವಾನಗಿ ಕಡ್ಡಾಯವಾದುದರಿಂದ ಕೊನೆಯ ಗಳಿಗೆಯಲ್ಲಿ ಹೊರಡುವಂತಿಲ್ಲ, ಮತ್ತು ಕಲಬುರಗಿಯಿಂದ ಕೊಚ್ಚಿಯವರೆಗಿನ ದಾರಿಯೇ ಒಂದು ಬೇರೆ ಪ್ರವಾಸ.

ಸಮುದ್ರವೆಂದರೆ ಹೆದರುವವರಿಗೆ ನದಿಯ ಹಡಗುಗಳಿವೆ. 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರೂಗಢಕ್ಕೆ ಹೊರಟ ಗಂಗಾ ವಿಲಾಸ್ 36 ಪ್ರಯಾಣಿಕರದು, 51 ದಿನಗಳದು. ಅದರ ದರ ನಮ್ಮ ಓದುಗರಲ್ಲಿ ಬಹುಪಾಲಿನವರ ಕೈಗೆ ಎಟುಕದು. ಹೊಟ್ಟೆ ತೊಳಸುವ ಭಯವಷ್ಟೇ ಇದ್ದರೆ ಅಗ್ಗದ ಪರೀಕ್ಷೆಯೊಂದಿದೆ: ಮುಂಬೈಗೆ ಹೋದಾಗ ಭಾವುಚಾ ಧಕ್ಕೆಯಿಂದ ಮಾಂಡ್ವಾಕ್ಕೆ ಕಾರುಗಳನ್ನೂ ಹೊತ್ತು ಹೋಗುವ ರೋ-ರೋ ಹಡಗಿನಲ್ಲಿ ಒಮ್ಮೆ ಹೋಗಿ ಬನ್ನಿ. ಒಂದು ತಾಸಿನ ಆ ದಾರಿಯಲ್ಲಿಯೇ ತಲೆ ಸುತ್ತಿದವರು ಮೂರು ರಾತ್ರಿಯ ಪ್ರವಾಸಕ್ಕೆ ಮೊದಲು ವೈದ್ಯರನ್ನು ಕಂಡು ಮಾತ್ರೆ ಬರೆಸಿಕೊಳ್ಳಬೇಕು. ಅದನ್ನು ವಾಂತಿ ಶುರುವಾದ ಮೇಲೆ ನುಂಗುವುದಕ್ಕಿಂತ ಹಡಗು ಹೊರಡುವ ಮೊದಲೇ ನುಂಗಿದರೆ ಉಪಯೋಗ ಹೆಚ್ಚು.

ಹಡಗನ್ನು ಆರಿಸಿದ ಮೇಲೂ ಕೋಣೆಯನ್ನು ಆರಿಸುವುದು ಉಳಿದಿರುತ್ತದೆ, ಮತ್ತು ನನ್ನ ಅನುಭವದಲ್ಲಿ ಹೆಚ್ಚಿನ ಅಸಮಾಧಾನ ಇಲ್ಲಿಯೇ ಹುಟ್ಟುತ್ತದೆ. ಅತಿ ಅಗ್ಗದ ಒಳಕೋಣೆಗೆ ಕಿಟಕಿಯಿಲ್ಲ, ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಕೋಣೆಗೆ ಮಲಗಲು ಮಾತ್ರ ಬರುವ ಯುವಕರಿಗೆ ಅದು ಲಾಭ. ಮಧ್ಯಾಹ್ನ ವಿಶ್ರಾಂತಿ ಬಯಸುವ ಹಿರಿಯರಿಗೂ ತಲೆ ಸುತ್ತುವವರಿಗೂ ದಿಗಂತ ಕಾಣುವ ಕಿಟಕಿಯ ಕೋಣೆ ಬೇಕು, ಅದಕ್ಕೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ. ಬಾಲ್ಕನಿಗೆ ಹಣ ಹಾಕುವುದಾದರೆ ಅದು ಸಿಂಗಪುರದ ಹಡಗಿನಲ್ಲಿ, ನಾಲ್ಕು ರಾತ್ರಿಗೆ ಮಾತ್ರ. ಹಡಗಿನ ಓಲಾಟ ನಡುಭಾಗದ ಕೆಳ ಅಂತಸ್ತಿನಲ್ಲಿ ಕಡಿಮೆ, ಮುಂದಿನ ತುದಿಯ ಮೇಲಂತಸ್ತಿನಲ್ಲಿ ಹೆಚ್ಚು. ಈಜುಕೊಳದ ಅಟ್ಟದ ನೇರ ಕೆಳಗಿನ ಕೋಣೆಯಲ್ಲಿ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ರಂಗಮಂದಿರದ ಪಕ್ಕದ ಕೋಣೆಯಲ್ಲಿ ನಡುರಾತ್ರಿಯ ಸದ್ದು. ನಾಲ್ವರ ಕೋಣೆ ಎಂದರೆ ನಾಲ್ಕು ಮಂಚವೆಂದು ತಿಳಿಯಬೇಡಿ: ಎರಡು ನೆಲದ ಮೇಲೆ, ಇನ್ನೆರಡು ರೈಲಿನ ಬರ್ತಿನಂತೆ ಗೋಡೆಯಿಂದ ಬಿಚ್ಚಿಕೊಂಡು ಇಳಿಯುತ್ತವೆ, ಹತ್ತಲು ಏಣಿ ಬೇಕು. ಸ್ನಾನದ ಕೋಣೆಗೆ ಎತ್ತರದ ಹೊಸ್ತಿಲಿರುವುದೂ ಉಂಟು, ರಾತ್ರಿ ಎದ್ದ ಹಿರಿಯರು ಎಡವುವುದು ಅಲ್ಲಿಯೇ. ತಂದೆತಾಯಿ ಜೊತೆಗಿದ್ದರೆ ನಾಲ್ವರ ಒಂದು ಕೋಣೆಯ ಬದಲು ಅಕ್ಕಪಕ್ಕದ ಎರಡು ಕೋಣೆ ಹಿಡಿಯಿರಿ, ಅದಕ್ಕಾಗಿ ಪ್ರವಾಸವನ್ನು ಅಗ್ಗದ ವಾರಕ್ಕೆ ಸರಿಸಬೇಕಾದರೂ ಸರಿಯೇ.

ಒಟ್ಟಿನಲ್ಲಿ, ಮೂರು ತಲೆಮಾರಿನವರು ಕೂಡಿ ಮೊದಲ ಸಲ ಹೋಗುವುದಾದರೆ ಮುಂಬೈ ಹಡಗಿನ ಮೂರು ರಾತ್ರಿ, ವಾರದ ನಡುವೆ, ಕಿಟಕಿಯ ಕೋಣೆ. ಬೆಳೆದ ಮಕ್ಕಳಿದ್ದು ಕೈಯಲ್ಲಿ ಹಣವಿದ್ದರೆ ಸಿಂಗಪುರದ ನಾಲ್ಕು ರಾತ್ರಿ. ಕಾಲು ಗಟ್ಟಿಯಿದ್ದು, ಹಡಗಿಗಿಂತ ದ್ವೀಪ ನೋಡುವ ಆಸೆ ಇದ್ದರೆ ಎಂ.ವಿ. ಕವರತ್ತಿ. ಯಾವುದಕ್ಕೇ ಆಗಲಿ, ಮುಂಗಡ ಕಟ್ಟುವ ಮೊದಲು ಏಜೆಂಟರಿಂದ ಇಷ್ಟನ್ನು ಬರಹದಲ್ಲಿ ಪಡೆಯಿರಿ: ಜಿಎಸ್‌ಟಿ, ಬಂದರು ಶುಲ್ಕ, ಭಕ್ಷೀಸು ಸೇರಿದ ಒಟ್ಟು ಮೊತ್ತ, ಕೋಣೆಯ ಸಂಖ್ಯೆ ಮತ್ತು ಅಂತಸ್ತು, ಊಟದ ಕೋರಿಕೆ ದಾಖಲಾದ ಬಗ್ಗೆ ಕಂಪನಿಯ ಉತ್ತರ, ಬಂದರು ತಪ್ಪಿದರೆ ಏನು ಮರಳಿ ಬರುತ್ತದೆ ಎಂಬುದು, ಮತ್ತು ಯಾವ ದಿನಾಂಕದ ನಂತರ ರದ್ದು ಮಾಡಿದರೆ ಪೂರ್ತಿ ಹಣ ಹೋಗುತ್ತದೆ ಎಂಬುದು. ಬಾಯಿಮಾತಿನಲ್ಲಿ ಎಲ್ಲಕ್ಕೂ ಹೂಂ ಎಂದು, ಕಾಗದದ ಮೇಲೆ ಬರೆದುಕೊಡಲು ಹಿಂಜರಿಯುವ ಏಜೆಂಟರ ಹತ್ತಿರ ಮುಂಗಡ ಕಟ್ಟಬೇಡಿ.